ನಾಲ್ಕನೇ ಡಬ್ಬಿಯ ಎಂಟು ಕುರ್ಚಿಗಳು

ನೀರು ಸರಬರಾಜು ಕಚೇರಿಯಲ್ಲಿ ಫೋನಕ್ಕನನ್ನು ಹೆಸರು ಹಿಡಿದು ಕರೆದವರಿಲ್ಲ. ಸಂಬಳದ ಪಟ್ಟಿಯಲ್ಲಿ ಒಂದು ಹೆಸರಿತ್ತು, ಇರಲೇಬೇಕಲ್ಲ. ಯಾರಾದರೂ ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕಟ್ಟಡ, ಅದೇ ಕೆಲಸ. ಮೊದಲು ಸ್ವಿಚ್‌ಬೋರ್ಡಿನ ಮುಂದೆ ಕೂತು ಈ ತೂತಿನ ವೈರನ್ನು ಆ ತೂತಿಗೆ ಸಿಕ್ಕಿಸುವುದು. ಆಮೇಲೆ ಗುಂಡಿ ಒತ್ತುವ ಯಂತ್ರ. ಈಗ ವೈರೇ ಇಲ್ಲದ ಫೋನು. ಯಂತ್ರಗಳು ಬದಲಾದವು, ಅವಳ ಸ್ಟೂಲು ಬದಲಾಗಲಿಲ್ಲ. ಹೊಸ ಯಂತ್ರ ಬಂದಾಗಲೆಲ್ಲ ಟೈ ಕಟ್ಟಿದವನೊಬ್ಬ ಬಂದು "ಇನ್ನು ನಿಮಗೆ ಕೆಲಸವೇ ಇರಲ್ಲ ಬಿಡಿ ಮೇಡಂ" ಎಂದು ಹೇಳಿ ಹೋಗುತ್ತಿದ್ದ. ಅವನು ಹೋದ ಮಾರನೇ ದಿನದಿಂದಲೇ ಅವಳಿಗೆ ಎರಡು ಪಟ್ಟು ಕೆಲಸ.

ವೈರಿಲ್ಲದ ಫೋನು ಎಂದರೆ ಮಾತು ಗಾಳಿಯಲ್ಲಿ ತಾನಾಗಿ ಹಾರಿಹೋಗುತ್ತದೆ ಎಂದು ಕಚೇರಿಯ ಬುದ್ಧಿವಂತರ ನಂಬಿಕೆ. ಹಾರಿಹೋಗುವುದಕ್ಕೆ ಅದೇನು ಗುಬ್ಬಚ್ಚಿಯೇ? ಆವರಣದಲ್ಲಿ ಅಲ್ಲಲ್ಲಿ ಗೋಡೆಗೆ ಬಿಗಿದ ಒಂಬತ್ತು ಬಿಳಿ ಡಬ್ಬಿಗಳಿವೆ. ಕೈಯಲ್ಲಿರುವ ಫೋನು ಹತ್ತಿರದ ಡಬ್ಬಿಗೆ ಮಾತು ದಾಟಿಸಬೇಕು, ಡಬ್ಬಿ ಅದನ್ನು ಫೋನಕ್ಕನ ಕೋಣೆಯ ಯಂತ್ರಕ್ಕೆ ಮುಟ್ಟಿಸಬೇಕು, ಅಲ್ಲಿಂದ ಮುಂದಕ್ಕೆ. ಒಂದು ಡಬ್ಬಿ ಒಮ್ಮೆಗೆ ಎಂಟು ಜನರ ಮಾತು ಹೊರುತ್ತದೆ, ಎಂಟೇ. ಹೊಸದಾಗಿ ಸೇರಿದವರಿಗೆ ಫೋನಕ್ಕ ಹೇಳುತ್ತಿದ್ದದ್ದು ಹೀಗೆ: "ಡಬ್ಬಿ ಒಳಗೆ ಎಂಟು ಕುರ್ಚಿ ಇದೆ ಅಂದ್ಕೊಳ್ಳಿ. ಎಂಟು ಜನ ಕೂತ್ರೆ ಮುಗೀತು. ಒಂಬತ್ತನೆಯವರು ಬಾಗಿಲಲ್ಲೇ ವಾಪಸ್. ಅವರು ಮಂತ್ರಿ ಆಗಿರ್ಲಿ, ಮನೆಗೆ ಬೆಂಕಿ ಬಿದ್ದವರಾಗಿರ್ಲಿ, ಡಬ್ಬಿಗೇನು ಗೊತ್ತಾಗತ್ತೆ? ಕುಂಯ್ ಕುಂಯ್ ಅನ್ನತ್ತೆ, ಅಷ್ಟೇ."

ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ಅವಳ ಮೊದಲ ಕೆಲಸ ನಡೆಯುವುದು. ಕಿವಿಗೆ ಫೋನು ಒತ್ತಿಕೊಂಡು, ಹೆಜ್ಜೆಗೊಂದರಂತೆ ಒಂದು, ಎರಡು, ಮೂರು ಎಂದು ಮೂವತ್ತರವರೆಗೆ ಎಣಿಸುತ್ತ, ಮತ್ತೆ ಒಂದರಿಂದ ಹಿಡಿಯುತ್ತ ಇಡೀ ಆವರಣ ಸುತ್ತುತ್ತಾಳೆ. ಅವಳ ಕೋಣೆಯಲ್ಲಿ ಹಳೆಯ ಜವಾನ ಇನ್ನೊಂದು ಫೋನು ಹಿಡಿದು ಕೂತಿರುತ್ತಾನೆ. ಯಾವ ಅಂಕಿ ದಾರಿಯಲ್ಲಿ ಕಳೆದುಹೋಯಿತೋ ಅದನ್ನು ಅವನು ಕೂಗುತ್ತಾನೆ. "ಹದಿನಾಲ್ಕು ಬರಲಿಲ್ಲಕ್ಕಾ! ಹದಿನೇಳು ಅರ್ಧ ಬಂತು!" ಅವಳು ಅಲ್ಲೇ ನಿಂತು, ಉದ್ದನೆಯ ನೋಟ್‌ಬುಕ್ಕಿನಲ್ಲಿ ಯಾವ ಗೋಡೆ, ಯಾವ ತಿರುವು, ಯಾವ ಅಂಕಿ ಎಂದು ಗುರುತು ಹಾಕಿಕೊಳ್ಳುತ್ತಾಳೆ. ಹೊಸ ಗುಮಾಸ್ತೆಯೊಬ್ಬಳು ಇದನ್ನು ಒಂದು ವಾರ ನೋಡಿ, ತಡೆಯಲಾರದೆ, "ಅಕ್ಕಾ, ದಿನಾ ಬೆಳಿಗ್ಗೆ ಯಾರಿಗೆ ಮಗ್ಗಿ ಹೇಳ್ಕೊಡ್ತೀರಿ?" ಎಂದು ಕೇಳಿದ್ದಳು. ಜವಾನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಫೋನಕ್ಕನೂ ನಕ್ಕಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ಆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಬಗೆಯ ಬರಹವೂ ಇತ್ತು. ಯಾವುದಾದರೂ ಡಬ್ಬಿ ತುಂಬಿದಾಗ ಅವಳ ಕೋಣೆಯ ಪರದೆಯ ಮೇಲೆ ಎಂಟು ಕೆಂಪು ಚುಕ್ಕಿ ಕಾಣುತ್ತವೆ. ಯಾರು ಯಾರು ಕೂತಿದ್ದಾರೆ, ಎಷ್ಟು ಕರೆ ಬಾಗಿಲಿಂದ ವಾಪಸಾದವು ಎಂಬುದೂ ಕಾಣುತ್ತದೆ. ಭಾನುವಾರಕ್ಕೆ ಅದೆಲ್ಲ ತಾನಾಗಿ ಅಳಿಸಿಹೋಗುತ್ತದೆ. ಬರೆದಿಡಿ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಬರೆದಿಡುತ್ತಿದ್ದಳು.

ಈಗ ಏಣಿಯ ವಿಷಯಕ್ಕೆ ಬರೋಣ. ಆವರಣದ ಹಿಂದೆ ದಿಬ್ಬದ ಮೇಲೆ ದೊಡ್ಡ ಟ್ಯಾಂಕು. ಎಂಬತ್ತನಾಲ್ಕು ಮೆಟ್ಟಿಲು. ಅದರ ಮೇಲಿನ ಕೆಲಸದವಳು ಮೂವತ್ತು ದಾಟಿದ, ಕಡ್ಡಿಯಂಥ ಹೆಂಗಸು. ದಿನಕ್ಕೆ ಏಳೆಂಟು ಸಲ ಹತ್ತಿ ಇಳಿಯುವುದರಿಂದ ಎಲ್ಲರೂ ಅವಳಿಗೆ ಏಣಿ ಎಂದೇ ಹೆಸರಿಟ್ಟಿದ್ದರು. ಅವಳೂ ಬೇಜಾರು ಮಾಡಿಕೊಂಡವಳಲ್ಲ. ನೀರಿನ ಮಟ್ಟ ನೋಡುತ್ತಿರುವುದು, ತುಂಬುತ್ತ ಬಂದಾಗ ಕೆಳಗಿನ ಪಂಪ್‌ಹೌಸಿಗೆ ಫೋನು ಮಾಡಿ "ನಿಲ್ಸಿ" ಎನ್ನುವುದು, ಇಷ್ಟೇ ಅವಳ ಕೆಲಸ. ಗುತ್ತಿಗೆಯ ನೌಕರಿ. ಗಂಡ ಎಲ್ಲಿಗೋ ಹೋದವನು ಹೋದವನೇ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಈ ಕೆಲಸ ಬಿಟ್ಟರೆ ಆ ಮೂವರಿಗೆ ಬೇರೆ ಗತಿಯಿರಲಿಲ್ಲ, ಮತ್ತು ಗುತ್ತಿಗೆಯವಳನ್ನು ಮನೆಗೆ ಕಳಿಸಲು ಒಂದು ಚೀಟಿ ಸಾಕು.

ಹಿಂದೆ ಟ್ಯಾಂಕಿನ ಮೇಲೆ ವೈರಿನ ಕರಿ ಫೋನಿತ್ತು. ವೈರಿಲ್ಲದ ಫೋನು ಬಂದಾಗ, ಇನ್ನು ಈ ಕಸ ಯಾಕೆ ಎಂದು ಅದನ್ನು ಕಿತ್ತು ವೈರನ್ನೂ ಗುಜರಿಗೆ ಹಾಕಿದರು. ಸ್ವಂತ ಮೊಬೈಲಾದರೂ ಇಟ್ಟುಕೊಳ್ಳೋಣವೆಂದರೆ ಅದಕ್ಕೂ ಕಲ್ಲು ಬಿತ್ತು. ಒಬ್ಬ ಅಧಿಕಾರಿ ಟ್ಯಾಂಕು ನೋಡಲು ಹೋಗಿ, ತನ್ನ ಫೋಟೋ ತಾನೇ ತೆಗೆದುಕೊಳ್ಳುವಾಗ ಮೊಬೈಲನ್ನು ನೀರಿಗೆ ಬೀಳಿಸಿದ. ಮಾರನೇ ದಿನವೇ ನಿಯಮ ಬಂತು: ಟ್ಯಾಂಕಿನ ಮೆಟ್ಟಿಲು ಹತ್ತುವವರು ಮೊಬೈಲನ್ನು ಗೇಟಿನಲ್ಲಿ ಕೊಟ್ಟು ಹೋಗತಕ್ಕದ್ದು. ಬೀಳಿಸಿದವನು ಇನ್ನೊಮ್ಮೆ ಆ ಮೆಟ್ಟಿಲು ಹತ್ತಲಿಲ್ಲ. ನಿಯಮ ಮಾತ್ರ ಏಣಿಯ ಕೊರಳಿಗೆ ಬಿತ್ತು. ಇದಕ್ಕೆ ಏನನ್ನಬೇಕು, ನೀವೇ ಹೇಳಿ!

ಪುಣ್ಯಕ್ಕೆ ಒಂಬತ್ತನೇ ಡಬ್ಬಿ ಟ್ಯಾಂಕಿನ ಪುಟ್ಟ ಕೋಣೆಯಲ್ಲೇ ಇತ್ತು. ಏಣಿ ಉಸಿರೆಳೆದರೂ ಕೆಳಗೆ ಕೇಳಿಸುವಷ್ಟು ಸ್ವಚ್ಛವಾದ ಧ್ವನಿ. ಎಂಟು ತಿಂಗಳ ಹಿಂದೆ ದೊಡ್ಡ ಸಾಹೇಬರ ಕೋಣೆಗೆ ಮರದ ಹಲಗೆ ಹೊಡೆಸಿದರು, ಗೋಡೆಯುದ್ದಕ್ಕೂ ಕಬ್ಬಿಣದ ಬೀರು ನಿಲ್ಲಿಸಿದರು. ಮರುದಿನದಿಂದ ಸಾಹೇಬರ ಫೋನಿನ ಮಾತು ಕಡಿದು ಕಡಿದು ಹೋಗತೊಡಗಿತು.

"ನನ್ನ ಧ್ವನಿ ಒಡೀತಾ ಇದೆಯಂತೆ. ಇವತ್ತೇ ಸರಿ ಆಗ್ಬೇಕು," ಎಂದರು ದೊಡ್ಡ ಸಾಹೇಬರು.

"ಬೀರು ಸ್ವಲ್ಪ ಆಚೆ ಸರಿಸಿದ್ರೆ ಸರಿ ಹೋಗತ್ತೆ ಸಾರ್. ಇಲ್ಲಾಂದ್ರೆ ಹೊಸ ಡಬ್ಬಿ ತರಿಸ್ಬೇಕು."

ಬೀರು ಸರಿಸುವುದೇ? ಪಕ್ಕದಲ್ಲಿದ್ದ ಎರಡನೇ ಸಾಹೇಬರಿಗೆ ನಗು ಬಂತು. ಅವರು ನಕ್ಷೆ ಹರಡಿ ಟ್ಯಾಂಕಿನ ಮೇಲೆ ಬೆರಳಿಟ್ಟರು. "ಇಲ್ಲೊಂದು ದಂಡಕ್ಕೆ ಬಿದ್ದಿದೆಯಲ್ಲ! ಅವಳೊಬ್ಬಳಿಗೆ ಒಂದು ಡಬ್ಬಿ ಯಾಕ್ರೀ? ತಂದು ಇಲ್ಲಿ ಹಾಕಿ."

ಅಲ್ಲಿ ಒಬ್ಬಳು, ಇಲ್ಲಿ ಒಬ್ಬರು. ಲೆಕ್ಕ ಸಮವೇ ತಾನೆ? ಅದನ್ನು ಹೇಳಲು ಫೋನಕ್ಕನ ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡಳು. ತನ್ನ ಕೈಯಾರೆ ತಿರುಪು ಬಿಚ್ಚಿ ಒಂಬತ್ತನೇ ಡಬ್ಬಿಯನ್ನು ತಂದು ಸಾಹೇಬರ ಕೋಣೆಯಲ್ಲಿ ಹೊಡೆದಳು. ಆ ಹಲಗೆ, ಆ ಬೀರು ದಾಟಿ ಅದರ ಶಕ್ತಿ ಹೊರಗೆ ಬರುತ್ತಿರಲಿಲ್ಲ. ಎಂಟು ಕುರ್ಚಿಯಲ್ಲಿ ಒಂದರ ಮೇಲೆ ಸಾಹೇಬರು, ಉಳಿದ ಏಳು ಖಾಲಿ. ಟ್ಯಾಂಕಿಗೆ ಇನ್ನು ಉಳಿದದ್ದು ನಾಲ್ಕನೇ ಡಬ್ಬಿ. ಅದು ಮೀಟಿಂಗ್ ಕೋಣೆಯ ಹೊರಗಿನ ಗೋಡೆಯದು. ಮೀಟಿಂಗ್ ಕೋಣೆ, ದೂರು ವಿಭಾಗ, ಉಗ್ರಾಣ, ನೀರು ಪರೀಕ್ಷೆಯ ಕೋಣೆ ಎಲ್ಲಕ್ಕೂ ಅದೊಂದೇ, ಈಗ ಟ್ಯಾಂಕಿಗೂ ಅದೇ. ಮೆಟ್ಟಿಲಿನ ಮೇಲೆ ಎಣಿಸಿದರೆ ಮೂವತ್ತರಲ್ಲಿ ಒಂಬತ್ತು ಅಂಕಿ ನಾಪತ್ತೆ. ಫೋನಕ್ಕ ನಾಲ್ಕು ಪತ್ರ ಬರೆದಳು. ನಾಲ್ಕಕ್ಕೂ "ಪರಿಶೀಲಿಸಿ" ಎಂದು ಷರಾ ಬಿತ್ತು. ಯಾರು ಪರಿಶೀಲಿಸಬೇಕು ಎಂದು ಬರೆದಿರಲಿಲ್ಲ.

ಅವಳು ತಪ್ಪು ಮಾಡಿದ್ದು ಇದಾದ ಮೇಲೆ.

ದೂರು ವಿಭಾಗದ ಗುಮಾಸ್ತೆ ಒಂದು ದಿನ ಅಳುತ್ತ ಬಂದಳು. ದುರಸ್ತಿ ಶೆಡ್ಡಿಗೆ ಲೈನು ಸಿಗುವುದಿಲ್ಲ, ಸಿಕ್ಕರೆ ಕಡಿಯುತ್ತದೆ, ಮತ್ತೆ ಸಿಗುವುದಿಲ್ಲ. ಎದುರಿಗೆ ನಿಂತ ಜನ ಬಾಯಿಗೆ ಬಂದಂತೆ ಬೈಯುತ್ತಾರೆ. ಫೋನಕ್ಕನಿಗೆ ಕರುಳು ಚುರುಕ್ ಎಂದಿತು. "ನೋಡು, ಒಂದ್ಸಲ ಲೈನ್ ಸಿಕ್ಕಿದ್ರೆ ಬಿಡ್ಬೇಡ. ಮಾತು ಮುಗಿದ್ರೂ ಇಡ್ಬೇಡ. ಹಾಗೇ ಸೊಂಟಕ್ಕೆ ಸಿಕ್ಕಿಸ್ಕೋ. ಬೇಕಾದಾಗ ಬಾಯಿ ತೆರೆದ್ರೆ ಸಾಕು, ಆ ಕಡೆಯವರೂ ಹಾಗೇ ಇಟ್ಕೊಂಡಿರ್ಲಿ," ಎಂದು ಹೇಳಿಕೊಟ್ಟಳು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿ ಜಾಗ ಹಿಡಿದ ಹಾಗೆ. ಗುಮಾಸ್ತೆಯ ಕಣ್ಣೀರು ನಿಂತಿತು. ಅವಳಿಂದ ಉಗ್ರಾಣದವನು ಕಲಿತ, ಅವನಿಂದ ಪರೀಕ್ಷೆ ಕೋಣೆಯವಳು ಕಲಿತಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೂರು ಕುರ್ಚಿ ಮಾತಿಲ್ಲದೆ ಭರ್ತಿ. ಫೋನಕ್ಕನಿಗೆ ಇದು ಪರದೆಯ ಮೇಲೆ ಕಾಣುತ್ತಿತ್ತು. ಹೇಗಿದ್ದರೂ ಐದು ಉಳಿದಿವೆಯಲ್ಲ ಎಂದು ಸುಮ್ಮನಿದ್ದಳು.

ಆ ಐದಕ್ಕೂ ಗಿರಾಕಿಗಳಿದ್ದರು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಧಿಕಾರಿಗಳ ಮೀಟಿಂಗು. ಎರಡನೇ ಸಾಹೇಬರನ್ನೂ ಸೇರಿಸಿ ಐದು ಜನ ಮೇಜಿನ ಸುತ್ತ ಕೂರುತ್ತಾರೆ. ದೊಡ್ಡ ಸಾಹೇಬರು ಬರುವುದಿಲ್ಲ. ತಮ್ಮ ಕೋಣೆಯಲ್ಲೇ ಕೂತು ಫೋನಿನಲ್ಲಿ ಹಾಜರಾಗುತ್ತಾರೆ. ಅವರ ಕೋಣೆಗೂ ಮೀಟಿಂಗ್ ಕೋಣೆಗೂ ಮೂವತ್ತು ಹೆಜ್ಜೆ, ಫೋನಕ್ಕ ಎಣಿಸಿದ್ದಾಳೆ. ಮೇಜಿನ ಮೇಲೆ ಒಂದೇ ಫೋನಿಟ್ಟು ಸ್ಪೀಕರಿನಲ್ಲಿ ಎಲ್ಲರೂ ಕೇಳಬಹುದಿತ್ತು. ಆದರೆ ಹಾಗೆ ಕೇಳಿದರೆ ಬಾವಿಯೊಳಗಿಂದ ಮಾತಾಡಿದ ಹಾಗಿರುತ್ತದೆ, ತಮಗೆ ಒಪ್ಪುವುದಿಲ್ಲ ಎಂದು ದೊಡ್ಡ ಸಾಹೇಬರ ಅಪ್ಪಣೆ. ಹಾಗಾಗಿ ಐವರೂ ಕಿವಿಗೊಂದು ಫೋನು ಹಿಡಿದು, ಪಕ್ಕದಲ್ಲೇ ಕೂತವನ ಮಾತನ್ನು ಒಮ್ಮೆ ಅವನ ಬಾಯಿಂದ, ಅರೆಗಳಿಗೆ ಬಿಟ್ಟು ಇನ್ನೊಮ್ಮೆ ಫೋನಿನಿಂದ ಕೇಳಿಸಿಕೊಳ್ಳುತ್ತಿದ್ದರು. ಐದು ಕುರ್ಚಿ, ಒಂದು ಮೇಜು, ಒಬ್ಬ ಸಾಹೇಬರು.

ಐದಕ್ಕೆ ಮೂರು ಸೇರಿದರೆ ಎಂಟು.

ಆ ಮಂಗಳವಾರ ಹತ್ತೂ ಹತ್ತಕ್ಕೆ ನಾಲ್ಕನೇ ಡಬ್ಬಿಯ ಎಂಟೂ ಚುಕ್ಕಿ ಕೆಂಪಾದವು. ಫೋನಕ್ಕ ಅಭ್ಯಾಸದಂತೆ ನೋಟ್‌ಬುಕ್ಕು ತೆಗೆದಳು. ವಾಪಸಾದ ಕರೆ ಒಂದು. ಎರಡು. ನಾಲ್ಕು. ಯಾರೋ ಬಿಡದೆ ಬಾಗಿಲು ಬಡಿಯುತ್ತಿದ್ದಾರೆ! ಅವಳು ಎದ್ದು ಮೀಟಿಂಗ್ ಕೋಣೆಗೆ ಓಡಿದಳು. ಬಾಗಿಲಲ್ಲಿ ಎರಡನೇ ಸಾಹೇಬರ ಪಿ.ಎ. ಕೈ ಅಡ್ಡ ಹಿಡಿದ. "ಒಳಗೆ ಮೀಟಿಂಗ್ ನಡೀತಾ ಇದೆ, ಕಾಣಲ್ವಾ? ಮುಗಿದ್ಮೇಲೆ ಬನ್ನಿ." ಅವಳು ಹೇಳಿದ್ದೊಂದನ್ನೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಅಲ್ಲಿ ನಿಂತು ಬೇಡಿಕೊಳ್ಳುತ್ತಿದ್ದಾಗಲೇ ಕಿಟಕಿಯಾಚೆ ನೀರು ಧೋ ಎಂದು ಬೀಳುವ ಸದ್ದು ಕೇಳಿಸಿತು.

ಟ್ಯಾಂಕಿನ ಮೇಲೆ ಏಣಿ ಏಳು ಸಲ ಪಂಪ್‌ಹೌಸಿಗೆ ಫೋನು ಒತ್ತಿದ್ದಳು. ಏಳು ಸಲವೂ ಕುಂಯ್ ಕುಂಯ್. ಗಂಟಲು ಹರಿಯುವಂತೆ ಕೂಗಿದಳು. ಪಂಪಿನ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ಕೂತ, ಪಂಪು ನಡೆಸುವ ಯಜಮಾನನಿಗೆ ಎಲ್ಲಿ ಕೇಳಿಸಬೇಕು? ಕೊನೆಗೆ ಮೆಟ್ಟಿಲಿಳಿದು ಓಡಿದಳು. ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ನೀರು ಹರಿಯುತ್ತಿತ್ತು. ಕಾಲು ಜಾರಿ ಕೊನೆಯ ಹತ್ತು ಮೆಟ್ಟಿಲು ಉರುಳಿದಳು. ಉಳುಕಿದ ಕಾಲನ್ನು ಎಳೆದುಕೊಂಡು ಪಂಪ್‌ಹೌಸು ಮುಟ್ಟುವ ಹೊತ್ತಿಗೆ ಇಪ್ಪತ್ತೈದು ನಿಮಿಷ ನೀರು ಹರಿದಾಗಿತ್ತು. ದಿಬ್ಬದ ಕೆಳಗಿನ ಬೀದಿಯಲ್ಲಿ ಹನ್ನೊಂದು ಮನೆಗೆ ನೀರು ನುಗ್ಗಿತು. ಹಾಸಿಗೆ, ಬಟ್ಟೆ, ಮಕ್ಕಳ ಪುಸ್ತಕ ಎಲ್ಲ ಕೆಸರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಬೀದಿಯವರು ಒದ್ದೆ ಹಾಸಿಗೆ ಹೊತ್ತು ತಂದು ಕಚೇರಿಯ ಬಾಗಿಲಲ್ಲಿ ಹಾಕಿದರು. ಯಾರಾದರೊಬ್ಬರ ತಲೆ ಹೋಗಬೇಕಿತ್ತು.

ಎರಡನೇ ಸಾಹೇಬರು ಫೋನಕ್ಕನಿಂದಲೇ ಆ ದಿನದ ಕರೆಗಳ ಪಟ್ಟಿ ತೆಗೆಸಿದರು. "ನೋಡಿ, ಹತ್ತರಿಂದ ಹನ್ನೊಂದರವರೆಗೆ ಟ್ಯಾಂಕಿನ ಫೋನಿಂದ ಒಂದು ಕರೆನೂ ಇಲ್ಲ. ಅವಳು ಫೋನೇ ಮಾಡಿಲ್ಲ. ನಿದ್ದೆ ಹೊಡೀತಿದ್ಲು!"

"ಬಾಗಿಲಲ್ಲೇ ವಾಪಸಾದ ಕರೆ ಈ ಪಟ್ಟಿಗೆ ಬರಲ್ಲ ಸಾರ್. ಡಬ್ಬಿ ಒಳಗೆ ಬಿಟ್ಟುಕೊಂಡ ಕರೆ ಮಾತ್ರ..."

"ನೀವು ವಕಾಲತ್ತು ವಹಿಸ್ಬೇಡಿ. ಮುಂದಿನ ಮಂಗಳವಾರ ಮೀಟಿಂಗಲ್ಲೇ ವಿಚಾರಣೆ ಮುಗಿಸಿಬಿಡೋಣ."

ವಿಚಾರಣೆಗೆ ಮೊದಲೇ ತೀರ್ಪು ಅವರ ಮುಖದ ಮೇಲಿತ್ತು. ಏಣಿಯ ಕೈಯಿಂದ ಆ ದಿನವೇ ಫೋನು ಕಿತ್ತುಕೊಂಡು, ಅದರೊಳಗಿನದನ್ನೆಲ್ಲ ಅಳಿಸಿ ಬೇರೆ ಯಾರಿಗೋ ಕೊಟ್ಟರು. ಭಾನುವಾರ ಡಬ್ಬಿಯ ಲೆಕ್ಕವೂ ಅಳಿಸಿಹೋಯಿತು. ಬರಹದಲ್ಲಿ ಉಳಿದದ್ದು ಫೋನಕ್ಕನ ನೋಟ್‌ಬುಕ್ಕಿನ ಒಂದು ಪುಟ ಮಾತ್ರ: ನಾಲ್ಕನೇ ಡಬ್ಬಿ, ಹತ್ತೂ ಹತ್ತರಿಂದ ಭರ್ತಿ, ಮೀಟಿಂಗು ಐದು, ಸೊಂಟದಲ್ಲಿ ಮೂರು, ವಾಪಸಾದ ಕರೆ ಏಳು. ಆ ಪುಟ ತೋರಿಸಿದರೆ ಏಣಿ ಉಳಿಯಬಹುದು. ಆದರೆ "ಸೊಂಟದಲ್ಲಿ ಮೂರು" ಅಂದರೇನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಸೋಮವಾರ ಸಂಜೆ ಮನೆಯಲ್ಲಿ ಅವಳು ತಟ್ಟೆ ತೊಳೆಯುತ್ತಿದ್ದದ್ದೋ, ಕುಟ್ಟುತ್ತಿದ್ದದ್ದೋ, ಅಷ್ಟು ಸದ್ದು. ಗಂಡ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವನು; ಹೊಲಿಗೆ ಮಿಷನ್ ನಿಲ್ಲಿಸಿ ಬಂದು ಬಾಗಿಲಿಗೊರಗಿ ನಿಂತ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಕಾರಿಕೊಂಡಳು.

"ಆ ಮೂರು ಕುರ್ಚಿಗೆ ಟವೆಲ್ ಹಾಕೋಕೆ ಹೇಳಿಕೊಟ್ಟೋಳು ನಾನೇ ಕಣ್ರೀ. ಆ ಮೂರರಲ್ಲಿ ಒಂದು ಖಾಲಿ ಇದ್ದಿದ್ರೂ ಅವಳ ಮಾತು ಹೋಗ್ತಿತ್ತು."

"ಹೇಳಿಬಿಡು ಹಾಗಾದ್ರೆ," ಎಂದ ಗಂಡ.

"ಹೇಳಿದ್ರೆ ನನ್ನ ತಲೆ ಹೋಗತ್ತೆ. ಹೇಳದಿದ್ರೆ ಅವಳದ್ದು."

ಮೂಲೆಯಲ್ಲಿ ಕೂತಿದ್ದ ಅತ್ತೆಗೆ ಕಿವಿ ಅಷ್ಟಕ್ಕಷ್ಟೇ. ಸೊಸೆಯ ಮುಖ ನೋಡಿ, "ಏನೇ ಅದು?" ಎಂದರು. ಫೋನಕ್ಕ ಕೂಗಿ ಹೇಳತೊಡಗಿದಳು, ಜೊತೆಗೆ ಗಂಡನೂ ಕೂಗತೊಡಗಿದ. ಅತ್ತೆ ಎರಡೂ ಕೈಯೆತ್ತಿದರು. "ಇಬ್ರೂ ಕೂಗಿದ್ರೆ ನಂಗೆ ಒಂದೂ ಕೇಳಲ್ಲ. ಬಾಯಲ್ಲಿ ಹೇಳ್ಬೇಡ, ತೋರಿಸು. ಕಣ್ಣಿಗೇನೂ ಆಗಿಲ್ಲ ನಂಗೆ."

ಫೋನಕ್ಕ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಮೆಲ್ಲಗೆ ಒರೆಸಿ ಇಟ್ಟಳು.

ಮಂಗಳವಾರ ಬೆಳಿಗ್ಗೆ ಅವಳು ಎಂದಿನಂತೆ ನಡೆದಳು, ಎಣಿಸಿದಳು. ಸೊಂಟಕ್ಕೆ ಫೋನು ಸಿಕ್ಕಿಸಿಕೊಂಡ ಮೂವರನ್ನೂ ಕಂಡಳು. "ಲೈನ್ ಬಿಡಿ" ಎನ್ನಲಿಲ್ಲ. ಹತ್ತಕ್ಕೆ ಪರದೆ ನೋಡಿದಳು. ಎಂಟೂ ಕೆಂಪು. ಪಂಪಿನ ಯಜಮಾನನಿಗೆ ತನ್ನ ಕೋಣೆಯಿಂದ ಫೋನು ಮಾಡಿ, "ಇವತ್ತು ಟ್ಯಾಂಕಿನ ಹುಡುಗಿ ಫೋನ್ ಮಾಡ್ತಾಳೆ, ಎತ್ಕೊಳ್ಳಿ," ಎಂದಷ್ಟೇ ಹೇಳಿ, ಇನ್ನೊಂದು ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೀಟಿಂಗ್ ಕೋಣೆಗೆ ಹೋದಳು. ಈ ಸಲ ಪಿ.ಎ. ಬಾಗಿಲು ಬಿಟ್ಟ, ಅವಳೂ ಸಾಕ್ಷಿಯಲ್ಲವೇ.

ಒಳಗೆ ಐವರೂ ಕಿವಿಗೆ ಫೋನು ಹಿಡಿದು ಕೂತಿದ್ದರು. ಏಣಿ ಗೋಡೆಯ ಬಳಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಖಾಲಿ ಕುರ್ಚಿ ಎರಡಿದ್ದವು, ಕೂತುಕೋ ಎಂದವರಿಲ್ಲ.

"ನಾನು ಏಳು ಸಲ ಮಾಡಿದೆ ಸಾರ್. ನನ್ನ ಮಕ್ಕಳ ಆಣೆ," ಎನ್ನುತ್ತಿದ್ದಳು.

"ಆಣೆ ಪ್ರಮಾಣ ಬೇಡ. ದಾಖಲೆ ಏನ್ ಹೇಳತ್ತೆ?" ಎರಡನೇ ಸಾಹೇಬರು ಪಟ್ಟಿಯನ್ನು ಬೆರಳಿಂದ ಕುಟ್ಟಿದರು.

ಫೋನಕ್ಕ ನೋಟ್‌ಬುಕ್ಕು ತೆರೆದು ಅವರ ಮುಂದಿಟ್ಟಳು. ಅವರು ಅರ್ಧ ಸಾಲು ಓದಿ ಆಚೆ ತಳ್ಳಿದರು. "ಇದು ಕಚೇರಿ ದಾಖಲೆ ಅಲ್ಲ. ನೋಟ್‌ಬುಕ್ಕಲ್ಲಿ ಯಾರು ಏನು ಬೇಕಾದ್ರೂ ಬರ್ಕೋಬಹುದು."

ದಿನಾ ನಡೆದು, ಕಣ್ಣಾರೆ ನೋಡಿ ಬರೆದದ್ದು! ಫೋನಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಆದರೆ ಕೂಗಲಿಲ್ಲ. ಸೆರಗಿನಲ್ಲಿದ್ದ ಫೋನು ತೆಗೆದು ಏಣಿಯ ಕೈಗೆ ಕೊಟ್ಟಳು. "ಪಂಪ್‌ಹೌಸಿಗೆ ಮಾಡಮ್ಮ. ಸ್ಪೀಕರ್ ಹಾಕು, ಎಲ್ಲರಿಗೂ ಕೇಳಿಸ್ಲಿ."

ಏಣಿ ಒತ್ತಿದಳು. ಕುಂಯ್ ಕುಂಯ್ ಕುಂಯ್. ಮತ್ತೆ ಒತ್ತಿದಳು. ಕುಂಯ್ ಕುಂಯ್ ಕುಂಯ್.

"ಆ ಫೋನ್ ಕೆಟ್ಟಿರ್ಬೇಕು," ಎಂದರು ಒಬ್ಬರು.

"ಕೆಟ್ಟಿಲ್ಲ ಸಾರ್. ಜಾಗ ಇಲ್ಲ. ನಿಮ್ಮಲ್ಲಿ ಯಾರಾದ್ರೂ ಒಬ್ರು ಫೋನ್ ಇಡಿ, ಈಗಲೇ ಹೋಗತ್ತೆ."

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕಡೆ ಇರುವುದು ದೊಡ್ಡ ಸಾಹೇಬರು! ಅವರು ಲೈನಿನಲ್ಲಿರುವಾಗ ಫೋನು ಇಡುವುದೆಂದರೆ? ಒಬ್ಬರೂ ಇಡಲಿಲ್ಲ. ಏಣಿ ನಿಲ್ಲಿಸದೆ ಒತ್ತುತ್ತಲೇ ಇದ್ದಳು. ಟ್ಯಾಂಕಿನ ಮೇಲೂ ಹೀಗೇ ಒತ್ತಿದ್ದಿರಬೇಕು. ಅಷ್ಟರಲ್ಲಿ ಐದೂ ಫೋನುಗಳಿಂದ ದೊಡ್ಡ ಸಾಹೇಬರ ಧ್ವನಿ, ಒಂದಿಷ್ಟೂ ಒಡೆಯದೆ, ಒಟ್ಟಿಗೆ ಬಂತು. "ಏನ್ರೀ ಅದು ಕುಂಯ್ ಕುಂಯ್ ಅಂತ ದರಿದ್ರ ಸದ್ದು?"

ಫೋನಕ್ಕ ಹತ್ತಿರದ ಅಧಿಕಾರಿಯ ಕಿವಿಯ ಬಳಿಗೇ ಬಗ್ಗಿ ಉತ್ತರ ಕೊಟ್ಟಳು. "ಸಾರ್, ಹೋದ ಮಂಗಳವಾರ ಟ್ಯಾಂಕ್ ಮೇಲೆ ನಿಂತವಳಿಗೆ ಕೇಳಿಸ್ತಲ್ಲ, ಅದೇ ಸದ್ದು."

ಎರಡನೇ ಸಾಹೇಬರು ಮೊದಲು ಚೇತರಿಸಿಕೊಂಡರು. ಆಚೆ ತಳ್ಳಿದ್ದ ನೋಟ್‌ಬುಕ್ಕನ್ನು ಈಗ ಹತ್ತಿರಕ್ಕೆ ಎಳೆದುಕೊಂಡರು. "ಡಬ್ಬಿಗೆ ಎಂಟು ಅಂತೀರಿ. ನಾವು ಐದು ಜನ. ಈ 'ಸೊಂಟದಲ್ಲಿ ಮೂರು' ಯಾರು?"

ಬಂತು. ಏಣಿ ಅವಳನ್ನೇ ನೋಡುತ್ತಿದ್ದಳು.

"ಮಾತಾಡದೇ ಲೈನ್ ಹಿಡಿದಿಟ್ಕೊಂಡವರು ಸಾರ್. ಹಾಗೆ ಹಿಡ್ಕೊಳ್ಳಿ ಅಂತ ಹೇಳಿಕೊಟ್ಟೋಳು ನಾನು. ಅವರ ತಪ್ಪಿಲ್ಲ, ನನ್ನದು. ಬರ್ಕೊಳ್ಳಿ." ಅಲ್ಲಿಗೆ ನಿಲ್ಲಿಸಬೇಕೆಂದು ಮನೆಯಿಂದ ಯೋಚಿಸಿಕೊಂಡು ಬಂದಿದ್ದಳು. ನಿಲ್ಲಲಿಲ್ಲ. "ಇದನ್ನೂ ಬರ್ಕೊಳ್ಳಿ. ಟ್ಯಾಂಕಿನ ಡಬ್ಬಿ ಕಿತ್ತು ತನ್ನಿ ಅಂದವರು ಯಾರು? ನಾಲ್ಕು ಪತ್ರ ಬರೆದ್ನಲ್ಲ, ಒಂದನ್ನಾದ್ರೂ ಓದಿದವರು ಯಾರು? ಮೂವತ್ತು ಹೆಜ್ಜೆ ನಡೆಯೋಕಾಗದೆ ಐದು ಕುರ್ಚಿ ಹಿಡಿದು ಕೂತವರು ಯಾರು? ನನ್ನ ಮೂರು ತಪ್ಪಾದ್ರೆ ನಿಮ್ಮ ಐದು ಏನು ಸಾರ್? ಇವಳೊಬ್ಬಳೇ ಯಾವ ಕುರ್ಚಿ ಮೇಲೂ ಕೂತಿಲ್ಲ. ಇವತ್ತೂ ನಿಂತೇ ಇದ್ದಾಳೆ, ನೋಡಿ, ಉಳುಕಿದ ಕಾಲಲ್ಲಿ!"

ಮೇಜಿನ ತುದಿಯಲ್ಲಿದ್ದ ಇಂಜಿನಿಯರಮ್ಮ ಇದುವರೆಗೆ ಒಂದು ಮಾತೂ ಆಡಿರಲಿಲ್ಲ. ಆಕೆ ಕಿವಿಯಿಂದ ಫೋನು ತೆಗೆದು, ಒಮ್ಮೆ ಅದನ್ನು ನೋಡಿ, ಕೆಂಪು ಗುಂಡಿ ಒತ್ತಿ ಮೇಜಿನ ಮೇಲೆ ಕವುಚಿ ಇಟ್ಟರು.

ಏಣಿ ಇನ್ನೊಮ್ಮೆ ಒತ್ತಿದಳು. ಈ ಸಲ ಆ ಕಡೆ ಗಂಟೆ ಹೊಡೆಯಿತು. ಎರಡೇ ಸಲ. ಪಂಪಿನ ಗದ್ದಲದ ನಡುವಿನಿಂದ ಯಜಮಾನನ ಧ್ವನಿ ಕೋಣೆ ತುಂಬ ಕೇಳಿಸಿತು.

"ಹೇಳಮ್ಮಾ, ನಿಲ್ಲಿಸ್ಲಾ?"

ಏಣಿ ಫೋನನ್ನು ಎದೆಗವಚಿಕೊಂಡು ಹೋ ಎಂದು ಅತ್ತಳು. "ಹಲೋ? ಹಲೋ? ನಿಲ್ಲಿಸ್ಲಾ ಅಂದೆ!" ಎಂದು ಅವನು ಕೂಗುತ್ತಲೇ ಇದ್ದ. ಇಂಜಿನಿಯರಮ್ಮ ಎದ್ದು ಖಾಲಿ ಕುರ್ಚಿಯೊಂದನ್ನು ಎಳೆದು ಅವಳ ಹಿಂದೆ ಇಟ್ಟರು.

ಆಮೇಲೆ ಬಂದ ಆದೇಶವನ್ನು ಓದಿದರೆ ಇದ್ಯಾವುದೂ ನಡೆದೇ ಇಲ್ಲ ಅನ್ನಬೇಕು. ನೀರು ಹರಿದದ್ದು "ತಾಂತ್ರಿಕ ಕಾರಣಗಳಿಂದ". ಏಣಿಯನ್ನು "ಎಚ್ಚರಿಕೆ ನೀಡಿ" ಕೆಲಸದಲ್ಲಿ ಮುಂದುವರಿಸಲಾಗಿದೆಯಂತೆ. ಯಾವುದಕ್ಕೆ ಎಚ್ಚರಿಕೆ? ಏಳು ಸಲ ಫೋನು ಒತ್ತಿದ್ದಕ್ಕೋ, ಕಾಲು ಉಳುಕಿಸಿಕೊಂಡದ್ದಕ್ಕೋ? ಕ್ಷಮಿಸಿ ಎಂಬ ಒಂದು ಪದ ಬರೆಯಲು ಆ ಕಚೇರಿಯಲ್ಲಿ ಶಾಯಿ ಇರಲಿಲ್ಲ. ಫೋನಕ್ಕನಿಗೆ ಮೆಮೊ ಬಂತು: ನಿಯಮಬಾಹಿರವಾಗಿ ಸಿಬ್ಬಂದಿಗೆ ತಪ್ಪು ತರಬೇತಿ ನೀಡಿದ್ದಕ್ಕೆ ವಿವರಣೆ ಕೊಡತಕ್ಕದ್ದು. ಅವಳು ಒಂದೇ ಸಾಲು ಬರೆದಳು: "ತಪ್ಪು ನನ್ನದು, ಡಬ್ಬಿ ಟ್ಯಾಂಕಿನದು." ಮೆಮೊವನ್ನು ನೋಟ್‌ಬುಕ್ಕಿನ ಅದೇ ಪುಟಕ್ಕೆ ಅಂಟಿಸಿದಳು.

ಟ್ಯಾಂಕಿಗೆ ವಾಪಸ್ ಒಯ್ಯಲು ಅವಳು ಒಂಬತ್ತನೇ ಡಬ್ಬಿಯನ್ನು ಬಿಚ್ಚುವಾಗ ದೊಡ್ಡ ಸಾಹೇಬರು ಕಿಟಕಿಯಾಚೆ ನೋಡುತ್ತಿದ್ದರು. ಅವರ ಧ್ವನಿ ಮತ್ತೆ ಒಡೆಯತೊಡಗಿತು. ಎರಡು ಮಂಗಳವಾರ ತಡೆದುಕೊಂಡು, ಮೂರನೆಯದಕ್ಕೆ ಮೂವತ್ತು ಹೆಜ್ಜೆ ನಡೆದು ಮೀಟಿಂಗಿಗೆ ಬಂದರು. ಸೊಂಟದ ಮೂವರ ಬಳಿಗೆ ಫೋನಕ್ಕ ತಾನೇ ಹೋಗಿ, "ನಾನು ಹೇಳಿಕೊಟ್ಟಿದ್ದು ತಪ್ಪು ಕಣ್ರಪ್ಪಾ. ಮಾತು ಮುಗಿದ ಕೂಡ್ಲೇ ಇಟ್ಟುಬಿಡಿ," ಎಂದು ಒಬ್ಬೊಬ್ಬರಿಗೂ ಹೇಳಿ ಬಂದಳು. ಮೂವರಿಗೆ ಹೇಳುವಷ್ಟರಲ್ಲಿ ಮೂರು ಸಲ ಮುಖ ಕೆಂಪಾಯಿತು.

ಕಾಲು ವಾಸಿಯಾಗಿ ಏಣಿ ಟ್ಯಾಂಕು ಹತ್ತಿದ ಮೊದಲ ಬೆಳಿಗ್ಗೆ, ಫೋನಕ್ಕ ನಡೆಯಲು ಹೋಗಲಿಲ್ಲ. ಜವಾನನನ್ನು ಎಬ್ಬಿಸಿ ಅವನ ಜಾಗದಲ್ಲಿ ತಾನೇ ಫೋನು ಹಿಡಿದು ಕೂತಳು. ಮೇಲಿನಿಂದ ಏಣಿ ಎಣಿಸಿದಳು, ಒಂದರಿಂದ ಮೂವತ್ತರವರೆಗೆ, ಮೆಟ್ಟಿಲಿಗೊಂದು. ಹದಿನಾಲ್ಕು ಬಂತು. ಹದಿನೇಳು ಪೂರ್ತಿ ಬಂತು. ಮೂವತ್ತೂ ಬಂದವು, ನಡುವೆ ಅವಳು ಏದುಸಿರು ಬಿಟ್ಟದ್ದೂ ಬಂತು.

"ಕೇಳ್ತಾ ಅಕ್ಕಾ?"

"ಎಲ್ಲಾ ಕೇಳ್ತು ಕಣೇ."

"ಅಕ್ಕಾ, ಅವತ್ತು ನೀವು..." ಏಣಿಯ ಧ್ವನಿ ಒಡೆಯಿತು. ಅದು ಡಬ್ಬಿಯ ದೋಷವಲ್ಲ.

ಫೋನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸಾಕು, ಆಮೇಲೆ ಕೆಳಗೆ ಬಂದಾಗ ಹೇಳು. ಈಗ ಫೋನ್ ಇಡು," ಎಂದಳು. "ಇಡೇ, ಜಾಗ ಬಿಡು."